ಯಾವ ಕಾಯಿಲೆಗೆ ಯಾವ ಬಾಗಿಲು

ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲ ಅಂದ ಕೂಡಲೇ ಮೊದಲು ಬರುವ ಪ್ರಶ್ನೆ ‘ಯಾವ ಆಸ್ಪತ್ರೆ ಚೆನ್ನಾಗಿದೆ?’ ಅನ್ನುವುದು. ನೆಂಟರಿಗೆ ಫೋನ್ ಮಾಡುತ್ತೇವೆ, ಪಕ್ಕದ ಮನೆಯವರನ್ನು ಕೇಳುತ್ತೇವೆ. ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಕಳೆದ ಕೆಲವು ವರ್ಷಗಳಲ್ಲಿ ಅತ್ತೆ, ಅಮ್ಮ, ಅಪ್ಪ, ತಂಗಿ, ಮಗ ಹೀಗೆ ಎಲ್ಲರ ಫೈಲುಗಳನ್ನೂ ಹಿಡಿದುಕೊಂಡು ಓಡಾಡಿದ ಮೇಲೆ ನಾನು ಆ ಪ್ರಶ್ನೆ ಕೇಳುವುದನ್ನೇ ಬಿಟ್ಟಿದ್ದೇನೆ. ಅದರ ಬದಲು ಎರಡು ವಿಷಯ ಯೋಚಿಸುತ್ತೇನೆ. ಈ ತೊಂದರೆಗೆ ನಮ್ಮ ಕೈಯಲ್ಲಿ ಎಷ್ಟು ಹೊತ್ತಿದೆ? ಇದಕ್ಕಾಗಿ ಎಷ್ಟು ಸಲ ಓಡಾಡಬೇಕಾಗುತ್ತದೆ? ಇವೆರಡು ಗೊತ್ತಾದರೆ ಎಲ್ಲಿಗೆ ಹೋಗಬೇಕು ಅನ್ನುವುದು ಮುಕ್ಕಾಲು ಪಾಲು ತಾನಾಗಿಯೇ ಹೊಳೆಯುತ್ತದೆ.

ಹೊತ್ತಿನ ಲೆಕ್ಕ ಕಲಿಸಿದ್ದು ಅತ್ತೆಯವರ ಸ್ಟ್ರೋಕ್. ಅವತ್ತು ಒಣಗಿದ ಬಟ್ಟೆ ಮಡಿಸುತ್ತಾ ಕೂತಿದ್ದರು. ಟವೆಲ್ ಎತ್ತಿಕೊಂಡರು, ಬಲಗೈಯಿಂದ ಜಾರಿತು. ಮತ್ತೆ ಎತ್ತಿಕೊಂಡರು, ಮತ್ತೆ ಜಾರಿತು. ‘ಯಾಕತ್ತೆ, ಕೈ ಜೋಮು ಹಿಡಿದಿದೆಯಾ?’ ಅಂದೆ. ಏನೋ ಹೇಳಲು ಹೋದರು, ಮಾತು ತೊದಲಿತು. ಮುಖ ನೋಡಿದರೆ ತುಟಿಯ ಬಲತುದಿ ಕೆಳಗಿಳಿದಿದೆ. ಸ್ವಲ್ಪ ನಗಿ ಅಂದೆ, ಒಂದೇ ಪಕ್ಕ ನಕ್ಕರು. ಎರಡೂ ಕೈ ಮೇಲೆತ್ತಿ ಅಂದೆ, ಬಲಗೈ ಮೇಲೆ ನಿಲ್ಲಲಿಲ್ಲ.

ಪಕ್ಕದ ಮನೆಯವರು ಓಡಿ ಬಂದರು. ‘ಇಲ್ಲೇ ಐದು ನಿಮಿಷದಲ್ಲಿ ನರ್ಸಿಂಗ್ ಹೋಮ್ ಇದೆ, ಮೊದಲು ಅಲ್ಲಿಗೆ ಕರ್ಕೊಂಡು ಹೋಗೋಣ’ ಅಂದರು. ಪ್ರೀತಿಯಿಂದ ಹೇಳಿದ ಮಾತೇ. ಆದರೆ ಆಂಬುಲೆನ್ಸ್‌ಗೆ ಫೋನ್ ಮಾಡಿದಾಗ ಆ ಕಡೆಯ ಹೆಣ್ಣುಮಗಳು ಲಕ್ಷಣ ಕೇಳಿಸಿಕೊಂಡು ಖಡಾಖಂಡಿತವಾಗಿ ಹೇಳಿದಳು: ‘ಸಿ.ಟಿ. ಸ್ಕ್ಯಾನ್ ಇದ್ದು ಸ್ಟ್ರೋಕ್‌ಗೆ ಚಿಕಿತ್ಸೆ ಕೊಡುವ ಆಸ್ಪತ್ರೆಗೇ ನೇರವಾಗಿ ಹೋಗಬೇಕು. ಅಲ್ಲಿಯವರೆಗೆ ಬಾಯಿಗೆ ಏನೂ ಹಾಕಬೇಡಿ. ನೀರೂ ಬೇಡ, ಮಾತ್ರೆಯೂ ಬೇಡ.’

ಯಾಕೆ ಹಾಗೆ ಅನ್ನುವುದನ್ನು ಆಮೇಲೆ ಡಾಕ್ಟರು ಬಿಡಿಸಿ ಹೇಳಿದರು. ಸ್ಟ್ರೋಕ್‌ನಲ್ಲಿ ಎರಡು ಬಗೆ. ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿರಬಹುದು, ಇಲ್ಲವೇ ರಕ್ತನಾಳ ಒಡೆದಿರಬಹುದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಚಿಕಿತ್ಸೆ ಮಾತ್ರ ಒಂದಕ್ಕೊಂದು ತದ್ವಿರುದ್ಧ. ಸ್ಕ್ಯಾನ್ ಆಗದೆ ರಕ್ತ ತೆಳುಮಾಡುವ ಒಂದು ಮಾತ್ರೆ ಕೊಟ್ಟರೂ, ನಾಳ ಒಡೆದಿದ್ದರೆ ಅಪಾಯ ಜಾಸ್ತಿಯಾಗುತ್ತದೆ. ನುಂಗುವ ಶಕ್ತಿ ಹೋಗಿದ್ದರೆ ಕುಡಿಸಿದ ನೀರು ಶ್ವಾಸಕೋಶಕ್ಕೆ ಇಳಿಯಬಹುದು. ಹೆಪ್ಪು ಅಂತ ಗೊತ್ತಾದರೆ ಅದನ್ನು ಕರಗಿಸುವ ಇಂಜೆಕ್ಷನ್ ಇದೆ, ಆದರೆ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಕೆಲವರಿಗೆ ಸಣ್ಣ ನಳಿಕೆ ಹಾಕಿ ಹೆಪ್ಪನ್ನೇ ಎಳೆದು ತೆಗೆಯುತ್ತಾರೆ. ಮೆದುಳಿನ ಭಾಗ ಇನ್ನೂ ಉಳಿಯುವ ಹಾಗಿದ್ದರೆ ಅದನ್ನು 24 ಗಂಟೆಯವರೆಗೂ ಮಾಡಬಹುದು. ದೊಡ್ಡ ನಾಳ ಕಟ್ಟಿಕೊಂಡ ಸ್ಟ್ರೋಕ್‌ನಲ್ಲಿ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಅಂತ ಅಂದಾಜಿದೆ. ಹಾಗಿರುವಾಗ ಸ್ಕ್ಯಾನ್ ಇಲ್ಲದ ಕಡೆ ಮೊದಲು ತೋರಿಸಿ, ಅಲ್ಲಿಂದ ಬರೆಸಿಕೊಂಡು ಮತ್ತೊಂದು ಕಡೆ ಹೋಗುವುದೆಂದರೆ ಕೈಯಲ್ಲಿದ್ದ ಹೊತ್ತನ್ನು ಸುಮ್ನೆ ಚೆಲ್ಲಿದ ಹಾಗೆ.

ಎಮರ್ಜೆನ್ಸಿಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ ನನಗೆ ಇವತ್ತಿಗೂ ನೆನಪಿದೆ. ‘ಯಾವಾಗ ಶುರುವಾಯಿತು?’ ಅಂತ ಕೇಳಲಿಲ್ಲ. ‘ಇವರು ಚೆನ್ನಾಗಿದ್ದದ್ದನ್ನು ಕೊನೆಯ ಸಲ ನೀವು ನೋಡಿದ್ದು ಎಷ್ಟು ಹೊತ್ತಿಗೆ?’ ಅಂದರು. ಅತ್ತೆ ಬಟ್ಟೆ ಮಡಿಸುವ ಮುಂಚೆ ತಮ್ಮ ಅಕ್ಕನ ಜೊತೆ ಫೋನಿನಲ್ಲಿ ಸರಾಗವಾಗಿ ಮಾತಾಡಿದ್ದರು. ಅವರ ಫೋನ್ ತೆಗೆದು ಕರೆ ಮುಗಿದ ಸಮಯ ತೋರಿಸಿದೆ. ಡಾಕ್ಟರು ಅದನ್ನೇ ಬರೆದುಕೊಂಡರು. ನಾಲ್ಕೂವರೆ ಗಂಟೆಯ ಲೆಕ್ಕ ಅಲ್ಲಿಂದ ಶುರುವಾಗುತ್ತದೆ. ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಇರಲಿಲ್ಲ, ಇಂಜೆಕ್ಷನ್ ಕೊಟ್ಟರು. ಅತ್ತೆ ಈಗ ಮಾತಾಡುತ್ತಾರೆ, ನಡೆಯುತ್ತಾರೆ. ಬಲಗೈಯಲ್ಲಿ ಗುಂಡಿ ಹಾಕುವುದು ಮಾತ್ರ ಸ್ವಲ್ಪ ನಿಧಾನ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬಾಯಿ ಸೊಟ್ಟಗಾಗಿ, ಮಾತು ತೊದಲಿ, ಹತ್ತು ನಿಮಿಷದಲ್ಲಿ ಎಲ್ಲ ಸರಿಹೋದರೂ ಸುಮ್ಮನೆ ಕೂರಬಾರದು. ಅದು ದೊಡ್ಡ ಸ್ಟ್ರೋಕ್‌ಗೆ ಮುನ್ಸೂಚನೆ ಆಗಿರಬಹುದು. ಮುಂದಿನ ಎರಡು ದಿನವೇ ಅಪಾಯ ಹೆಚ್ಚು.

ಅತ್ತೆ ಮನೆಗೆ ಬಂದು ಸ್ವಲ್ಪ ನೆಮ್ಮದಿಯಾದ ಮೇಲೆ ನಾನು ಒಂದು ಕೆಲಸ ಮಾಡಿದೆ. ನಮಗೆ ಹೋಗಿ ತಲುಪಲು ಆಗುವ ಆಸ್ಪತ್ರೆಗಳಿಗೆಲ್ಲ ಫೋನ್ ಮಾಡಿದೆ. ಎಮರ್ಜೆನ್ಸಿ ಇದೆಯಾ ಅಂತ ಕೇಳಿದರೆ ಎಲ್ಲರೂ ಇದೆ ಅಂತಲೇ ಹೇಳುತ್ತಾರೆ. ಬಿಡಿಸಿ ಕೇಳಬೇಕು. ‘ರಾತ್ರಿ ಎರಡು ಗಂಟೆಗೆ ಸಿ.ಟಿ. ಸ್ಕ್ಯಾನ್ ಮಾಡುವವರು ಅಲ್ಲೇ ಇರ್ತಾರಾ?’ ಅಂದಾಗ ಒಂದು ಕಡೆ, ದೊಡ್ಡ ಆಸ್ಪತ್ರೆಯೇ, ‘ಮನೆಯಿಂದ ಕರೆಸ್ತೀವಿ ಮೇಡಂ’ ಅಂದರು. ಅಷ್ಟೇನೂ ಹೆಸರಿಲ್ಲದ ಇನ್ನೊಂದು ಕಡೆ ಮೂರೂ ಪಾಳಿಯಲ್ಲಿ ಜನ ಇದ್ದರು. ಹೃದಯಾಘಾತದ ಬಗ್ಗೆಯೂ ಹೀಗೇ ಕೇಳಿದೆ. ದೊಡ್ಡ ರಕ್ತನಾಳ ಪೂರ್ತಿ ಮುಚ್ಚಿಕೊಂಡ ಹೃದಯಾಘಾತಕ್ಕೆ ಒಳ್ಳೆಯ ಚಿಕಿತ್ಸೆ ತಕ್ಷಣ ಆಂಜಿಯೋಪ್ಲಾಸ್ಟಿ, ಅಂದರೆ ಸಣ್ಣ ನಳಿಕೆ ಹಾಕಿ ಮುಚ್ಚಿದ ನಾಳ ತೆರೆಯುವುದು. ಇಸಿಜಿಯಲ್ಲಿ ಗೊತ್ತಾದ ಎರಡು ಗಂಟೆಯೊಳಗೆ ಅದನ್ನು ಮಾಡುವ ಕಡೆ ತಲುಪಿ ಚಿಕಿತ್ಸೆ ಶುರುವಾಗುವ ಹಾಗಿಲ್ಲ ಅಂದರೆ, ಇದ್ದ ಕಡೆಯೇ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು ಆಮೇಲೆ ಕಳಿಸುತ್ತಾರೆ. ಅದಕ್ಕೇ ಎದೆನೋವಿಗೆ ಸ್ವಂತ ಗಾಡಿಗಿಂತ ಆಂಬುಲೆನ್ಸ್ ವಾಸಿ. ಹೃದಯ ನಿಂತರೆ ದಾರಿಯಲ್ಲೇ ಶಾಕ್ ಕೊಡಬಹುದು. ಕೆಲವು ಆಂಬುಲೆನ್ಸ್‌ಗಳಲ್ಲಿ ಇಸಿಜಿ ಕೂಡ ಅಲ್ಲೇ ತೆಗೆಯುತ್ತಾರೆ.

ಆದರೆ ಎಲ್ಲ ಎಮರ್ಜೆನ್ಸಿಗೂ ‘ಸರಿಯಾದ ಆಸ್ಪತ್ರೆ’ ಅಂತ ಹುಡುಕಿಕೊಂಡು ಹೋಗಲು ಆಗುವುದಿಲ್ಲ. ಉಸಿರು ಕಟ್ಟುತ್ತಿದೆ, ರಕ್ತ ನಿಲ್ಲುತ್ತಿಲ್ಲ, ಅಲರ್ಜಿಯಿಂದ ಗಂಟಲು ಊದಿದೆ, ಫಿಟ್ಸ್ ನಿಲ್ಲುತ್ತಿಲ್ಲ ಅಂದರೆ ಯಾವುದು ಹತ್ತಿರವೋ ಅದೇ ಸರಿ. ಅಲ್ಲಿ ಮೊದಲು ಜೀವ ಹಿಡಿದು ನಿಲ್ಲಿಸಬೇಕು. ಮುಂದಿನದ್ದು ಮುಂದೆ. ಈ ಎರಡು ಪಟ್ಟಿಯನ್ನು ಬೇರೆ ಬೇರೆಯಾಗಿ ಬರೆದು ಬೀರುವಿನ ಬಾಗಿಲಿನ ಒಳಗಡೆ ಅಂಟಿಸಿದ್ದೇನೆ. ಗಾಬರಿಯಲ್ಲಿ ತಲೆ ಓಡುವುದಿಲ್ಲ, ಅಲ್ವಾ?

ಮಗನ ಗಲ್ಲ ಒಡೆದದ್ದು ಆಮೇಲೆ. ಬಿದ್ದು ಗಲ್ಲ ಸೀಳಿತ್ತು, ಹೊಲಿಗೆ ಬೇಕಿತ್ತು. ಎಮರ್ಜೆನ್ಸಿಯಲ್ಲಿ ಕೂತರೆ ನಮ್ಮ ನಂತರ ಬಂದವರೆಲ್ಲ ಒಳಗೆ ಹೋಗುತ್ತಿದ್ದಾರೆ. ಇವರು ಎದ್ದು ಕೇಳಲು ಹೊರಟರು. ನರ್ಸ್ ತಾವಾಗಿಯೇ ಬಂದು ಮಗನ ಗಲ್ಲದ ಬಟ್ಟೆ ಒತ್ತಿ ನೋಡಿ, ‘ರಕ್ತ ನಿಂತಿದೆ, ಪ್ರಜ್ಞೆ ಚೆನ್ನಾಗಿದೆ, ವಾಂತಿ ಇಲ್ಲ. ಇವನು ಹಸಿರು. ಕಾಯಬಹುದು’ ಅಂದರು. ಯಾರನ್ನು ಎಷ್ಟು ಹೊತ್ತಿನೊಳಗೆ ನೋಡಬೇಕು ಅಂತ ವಿಂಗಡಿಸಲು ಬಹಳ ಕಡೆ ಬಳಸುವ ಮ್ಯಾಂಚೆಸ್ಟರ್ ಪದ್ಧತಿಯಲ್ಲಿ ಐದು ಬಣ್ಣ. ಕೆಂಪು ಅಂದರೆ ಆ ಕ್ಷಣವೇ, ಕಿತ್ತಳೆ ಹತ್ತು ನಿಮಿಷ, ಹಳದಿ ಒಂದು ಗಂಟೆ, ಹಸಿರು ಎರಡು ಗಂಟೆ, ನೀಲಿ ನಾಲ್ಕು ಗಂಟೆ. ಮೊದಲು ಬಂದವರಿಗೆ ಮೊದಲು ಅನ್ನುವ ಕ್ರಮವೇ ಅಲ್ಲಿಲ್ಲ. ನೆಪೋಲಿಯನ್‌ನ ಸೈನ್ಯದ ಸರ್ಜನ್ ಡೊಮಿನಿಕ್ ಲಾರೆ, ಗಾಯಾಳುಗಳನ್ನು ಅವರ ದರ್ಜೆ ನೋಡದೆ ಗಾಯ ನೋಡಿ ಎತ್ತಿಕೊಳ್ಳುತ್ತಿದ್ದ ಕಾಲದಿಂದ ಬಂದ ಕ್ರಮ ಇದು. ಅತ್ತೆಯನ್ನು ಸ್ಟ್ರೆಚರ್ ಸಮೇತ ನೇರ ಒಳಗೆ ಕರೆದುಕೊಂಡರಲ್ಲ, ಅವತ್ತೂ ನಮ್ಮ ಹಾಗೆ ಹೊರಗೆ ಕಾದವರು ಇದ್ದಿರಲೇಬೇಕು. ಹೊಲಿಗೆ, ಉಳುಕು, ಸಣ್ಣ ಸುಟ್ಟಗಾಯದಂಥದ್ದಕ್ಕೆ ಹೊತ್ತಲ್ಲದ ಹೊತ್ತಿನಲ್ಲೂ ತೆರೆದಿರುವ ಸಣ್ಣ ಕ್ಲಿನಿಕ್ ಗೊತ್ತಿದ್ದರೆ ಎಲ್ಲರಿಗೂ ಅನುಕೂಲ. ಸುಟ್ಟಗಾಯವಾದರೆ ಹೊರಡುವ ಮೊದಲು 20 ನಿಮಿಷ ಹರಿಯುವ ತಣ್ಣೀರಿನಲ್ಲಿ ಹಿಡಿಯಬೇಕು. ಆ ಕೆಲಸ ಯಾವ ಆಸ್ಪತ್ರೆಗೂ ಕಾಯುವುದಿಲ್ಲ.

ಇಷ್ಟೆಲ್ಲ ಓಡಾಟದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಮಾತ್ರ ಯಾವ ದೊಡ್ಡ ಕಟ್ಟಡವೂ ಅಲ್ಲ, ನಮ್ಮ ಫ್ಯಾಮಿಲಿ ಡಾಕ್ಟರ್. ಹಿತ್ತಲ ಗಿಡ ಮದ್ದಲ್ಲ ಅನ್ನುವ ಹಾಗೆ, ಹತ್ತಿರದಲ್ಲೇ ಇರುವ ಅವರನ್ನು ಬಿಟ್ಟು ನೇರವಾಗಿ ಸ್ಪೆಷಲಿಸ್ಟ್ ಹತ್ತಿರ ಹೋಗುವುದೇ ಜಾಸ್ತಿ ಆಗಿದೆ. ಅಮ್ಮನ ವಿಷಯ ಹೇಳುತ್ತೇನೆ. ಅವಳಿಗೆ ಬಿಪಿಗೆ ಒಂದು ಮಾತ್ರೆ ಇತ್ತು. ಕಾಲು ಊದುತ್ತೆ ಅಂತ ಮೂತ್ರ ಜಾಸ್ತಿ ಮಾಡಿಸುವ ಇನ್ನೊಂದು ಮಾತ್ರೆ ಸೇರಿತ್ತು. ಮಂಡಿನೋವಿಗೆ ಮೂಳೆ ಡಾಕ್ಟರ್ ಒಂದು ನೋವಿನ ಮಾತ್ರೆ ಕೊಟ್ಟಿದ್ದರು. ಬರಬರುತ್ತಾ ಸುಸ್ತು ಅನ್ನತೊಡಗಿದಳು.

ಫ್ಯಾಮಿಲಿ ಡಾಕ್ಟರ್ ಚೀಟಿ ಕೇಳಲಿಲ್ಲ. ‘ಮನೆಯಲ್ಲಿರೋ ಮಾತ್ರೆಗಳನ್ನೇ ಪೂರ್ತಿ ತಗೊಂಡು ಬನ್ನಿ’ ಅಂದರು. ಅಮ್ಮ ಚೀಲ ತಂದು ಮೇಜಿನ ಮೇಲೆ ಸುರಿದಳು. ಅವರು ಒಂದೊಂದೇ ಸ್ಟ್ರಿಪ್ ತೆಗೆದು ಹಿಂಭಾಗ ಓದುತ್ತಾ ಸಾಲಾಗಿ ಜೋಡಿಸಿದರು. ಒಂದೇ ಮಾತ್ರೆ ಎರಡು ಹೆಸರಿನಲ್ಲಿ ಇದ್ದದ್ದು ಆಗಲೇ ಸಿಕ್ಕಿತು. ಆಮೇಲೆ ಮೂರು ಸ್ಟ್ರಿಪ್‌ಗಳನ್ನು ಪಕ್ಕಕ್ಕೆ ಎಳೆದು, ‘ನೋಡಿಮ್ಮಾ, ಇವು ಒಂದೊಂದೂ ಸರಿಯಾದ ಮಾತ್ರೆಯೇ. ಕೊಟ್ಟವರದ್ದೂ ತಪ್ಪಲ್ಲ, ಅವರಿಗೆ ಉಳಿದೆರಡು ಗೊತ್ತಿರಲಿಲ್ಲ. ಮೂರೂ ಸೇರಿದರೆ ಕಿಡ್ನಿಗೆ ತಡೆಯೋದಿಲ್ಲ’ ಅಂದರು. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿತ್ತು, ಕಿಡ್ನಿ ಸರಿಯಾಗಿ ಕೆಲಸ ಮಾಡದಿದ್ದರೆ ಏರುವ ಅಂಶ ಅದು. ನೋವಿನ ಮಾತ್ರೆ ನಿಲ್ಲಿಸಿ ಬೇರೆಯದಕ್ಕೆ ಬದಲಿಸಿದರು. ಮುಂದಿನ ಪರೀಕ್ಷೆಗಳಲ್ಲಿ ಅದು ಇಳಿಯಿತು. ಆ ನೋವಿನ ಮಾತ್ರೆಗಳ ಗುಂಪು ಬಿಪಿ ಇರುವವರಿಗೆ ಹಾಗೆಯೇ ಒಳ್ಳೆಯದಲ್ಲ, ಬಿಪಿ ಏರಿಸುತ್ತದೆ.

ಹೃದಯದವರು ಹೃದಯ ನೋಡಿದ್ದರು, ಮೂಳೆಯವರು ಮಂಡಿ ನೋಡಿದ್ದರು. ಅಮ್ಮನನ್ನು ಪೂರ್ತಿ ನೋಡಿದ್ದು ಇವರು. 2018ರಲ್ಲಿ ‘ಬಿಎಂಜೆ ಓಪನ್’ ಪತ್ರಿಕೆಯಲ್ಲಿ ಡೆನಿಸ್ ಪೆರೇರಾ ಗ್ರೇ ಮತ್ತವರ ಸಂಗಡಿಗರು 22 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರು. ಅವುಗಳಲ್ಲಿ 18ರಲ್ಲಿ, ಅದೇ ಡಾಕ್ಟರನ್ನು ಮತ್ತೆ ಮತ್ತೆ ಕಾಣುವವರಲ್ಲಿ ಸಾವು ಕಡಿಮೆ ಇರುವುದು ಕಂಡಿತ್ತು. ಅದನ್ನು ಓದಿದಾಗ ನನಗೆ ಆಶ್ಚರ್ಯವೇ ಆಗಲಿಲ್ಲ. ಈಗ ನಮ್ಮ ಮನೆಯಲ್ಲಿ ಯಾವ ಸ್ಪೆಷಲಿಸ್ಟ್ ಏನು ಬರೆದುಕೊಟ್ಟರೂ ಅದರ ಒಂದು ಪ್ರತಿ ಇವರ ಫೈಲಿಗೆ ಹೋಗುತ್ತದೆ. ಶುಗರ್, ಬಿಪಿ, ಥೈರಾಯ್ಡ್, ಜ್ವರ, ಕೆಮ್ಮು, ಹೊಟ್ಟೆಯ ತೊಂದರೆ, ಲಸಿಕೆ, ಇವೆಲ್ಲಕ್ಕೂ ಅವರೇ. ಎಲ್ಲಿಗೆ ಕಳಿಸಬೇಕು ಅನ್ನುವುದನ್ನೂ ಅವರೇ ಹೇಳುತ್ತಾರೆ.

ಅಮ್ಮನ ಮಂಡಿ ಮಾತ್ರ ಆಪರೇಷನ್ನಿಗೇ ಬಂತು. ವ್ಯಾಯಾಮ ಮಾಡಿದಳು, ತೂಕ ಇಳಿಸಿದಳು, ಸ್ವಲ್ಪ ದಿನ ತಳ್ಳಿದಳು. ಕೊನೆಗೆ ರಾತ್ರಿ ನಿದ್ದೆಯೂ ಬಾರದಂತಾಯಿತು. ಇಲ್ಲಿ ಹೊತ್ತು ಧಾರಾಳವಾಗಿತ್ತು. ಹಾಗಾಗಿ ಎರಡನೆಯ ಪ್ರಶ್ನೆ ಮುಂದೆ ಬಂತು. ಆಪರೇಷನ್ ಒಂದು ಸಲ ಆಗುವಂಥದ್ದು, ಅದಕ್ಕೆ ದೂರ ಹೋದರೂ ಪರವಾಗಿಲ್ಲ. ಫಿಸಿಯೋಥೆರಪಿ ಮತ್ತೆ ಮತ್ತೆ ಆಗುವಂಥದ್ದು, ಅದು ಮನೆಯ ಹತ್ತಿರವೇ ಇರಬೇಕು. ಎರಡನ್ನೂ ಒಂದೇ ಕಡೆ ಹುಡುಕುವ ಅಗತ್ಯ ಇಲ್ಲ.

ಇಬ್ಬರು ಸರ್ಜನ್‌ಗಳನ್ನು ಕಂಡೆವು. ಇಬ್ಬರಿಗೂ ಅವೇ ಪ್ರಶ್ನೆ. ವರ್ಷಕ್ಕೆ ಇಂಥ ಆಪರೇಷನ್ ನೀವು ಎಷ್ಟು ಮಾಡುತ್ತೀರಿ? ಸೋಂಕು ಎಷ್ಟು ಜನಕ್ಕೆ ಆಗಿದೆ? ಮನೆಗೆ ಹೋದ ಮೇಲೆ ರಾತ್ರಿ ಜ್ವರ ಬಂದರೆ ಯಾರಿಗೆ ಫೋನ್ ಮಾಡಬೇಕು? ಹೀಗೆ ಮುಖಕ್ಕೆ ಮುಖ ಕೊಟ್ಟು ಕೇಳಲು ಅಮ್ಮನಿಗೆ ಸಂಕೋಚ. ‘ಡಾಕ್ಟ್ರಿಗೆ ಬೇಜಾರಾಗುತ್ತೇನೋ, ಬಿಡೇ’ ಅಂತ ನನ್ನ ಸೆರಗು ಎಳೆದಳು. ಆದರೆ ಇದು ಕೇಳಲೇಬೇಕಾದ ಮಾತು. ಮಂಡಿ ಬದಲಿಸುವ ಆಪರೇಷನ್ ಹೆಚ್ಚು ಮಾಡುವ ಕಡೆ ತೊಡಕು ಕಡಿಮೆ ಅನ್ನುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಒಬ್ಬರು ಕೊನೆಯ ಪ್ರಶ್ನೆಗೆ ‘ಆಸ್ಪತ್ರೆ ನಂಬರ್‌ಗೆ ಮಾಡಿ’ ಅಂದರು. ಇನ್ನೊಬ್ಬರು ತಮ್ಮ ಸಹಾಯಕ ಡಾಕ್ಟರನ್ನು ಒಳಗೆ ಕರೆದು, ‘ಇವರು ಫೋನ್ ಎತ್ತುತ್ತಾರೆ’ ಅಂತ ಪರಿಚಯ ಮಾಡಿಕೊಟ್ಟರು. ನಾವು ಅವರ ಹತ್ತಿರವೇ ಹೋದೆವು. ಮೀನಖಂಡ ಊದಿ ನೋವು ಬಂದರೆ ಅವತ್ತೇ ತೋರಿಸಿ, ಏದುಸಿರು ಬಂದರೆ ನನಗೆ ಫೋನ್ ಮಾಡುತ್ತಾ ಕೂರದೆ ನೇರ ಎಮರ್ಜೆನ್ಸಿಗೆ ಹೋಗಿ ಅಂತ ಆ ಸಹಾಯಕರು ಬರೆದುಕೊಟ್ಟ ಚೀಟಿಯೂ ಬೀರುವಿನ ಬಾಗಿಲು ಸೇರಿತು.

ಫಿಸಿಯೋಥೆರಪಿಸ್ಟ್ ಒಬ್ಬ ಚಿಕ್ಕ ವಯಸ್ಸಿನ ಹುಡುಗ. ಪ್ರತಿ ಸಲ ಅಮ್ಮನ ಮಂಡಿಯ ಪಕ್ಕಕ್ಕೆ ಪಾರದರ್ಶಕ ಪ್ಲಾಸ್ಟಿಕ್‌ನ ಕೋನಮಾಪಕ ಹಿಡಿದು ಎಷ್ಟು ಬಾಗಿತು ಅಂತ ಅಳೆಯುತ್ತಿದ್ದ. ‘ಕುರ್ಚಿಯಿಂದ ಸಲೀಸಾಗಿ ಏಳಬೇಕಾದರೆ 90 ದಾಟಬೇಕು ಅಜ್ಜಿ’ ಅನ್ನುತ್ತಿದ್ದ. ಅಮ್ಮನಿಗೆ ಆ ಅಂಕಿಯೇ ಛಲವಾಯಿತು. ಅವನು ದೂರದಲ್ಲಿದ್ದಿದ್ದರೆ ನೋವು, ಗಾಡಿ, ಬಿಸಿಲು ಅಂತ ಒಂದೊಂದೇ ನೆಪದಲ್ಲಿ ತಪ್ಪಿಹೋಗುತ್ತಿತ್ತು. ಆಪರೇಷನ್ ಎಷ್ಟೇ ಚೆನ್ನಾಗಿ ಆಗಿದ್ದರೂ ಮೊದಲ ವಾರಗಳಲ್ಲಿ ಬಾಗಿಸದ ಮಂಡಿ ಬಿಗಿದುಕೊಳ್ಳುತ್ತದೆ.

ಫೋನ್ ಮತ್ತು ವಿಡಿಯೋ ಸಲಹೆ ನಮಗೆ ತುಂಬ ಉಪಯೋಗವಾಗಿದೆ. ರಿಪೋರ್ಟ್ ತೋರಿಸಲು, ಮಾತ್ರೆಯ ಪ್ರಮಾಣ ಹೊಂದಿಸಲು, ಚರ್ಮದ ಮೇಲಿನ ಗಂಧೆ ತೋರಿಸಲು ಇಷ್ಟು ಸಾಕು. ಆದರೆ ಹೊಟ್ಟೆನೋವನ್ನು ಕೈಯಿಟ್ಟು ಒತ್ತಿ ನೋಡದೆ ಯಾರೂ ಸರಿಯಾಗಿ ಹೇಳಲಾರರು. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು ಜ್ವರ ಬಂದರೆ ಫೋನಿನಲ್ಲಿ ಔಷಧಿ ಕೇಳುವ ಮಾತೇ ಇಲ್ಲ, ಎತ್ತಿಕೊಂಡು ಆಸ್ಪತ್ರೆಗೆ ಹೊರಡಬೇಕು. ತಂಗಿಯ ಮಗುವಿಗೆ ಹಾಗೆ ಆದಾಗ ನಮ್ಮ ಡಾಕ್ಟರು ಫೋನಿನಲ್ಲಿ ಹೇಳಿದ್ದು ಅದೊಂದೇ ಮಾತು.

ತಂಗಿಯ ವಿಷಯ ಬರೆಯಲು ಅವಳೇ ಒಪ್ಪಿಗೆ ಕೊಟ್ಟಿದ್ದಾಳೆ. ಹೆರಿಗೆಯಾದ ಮೇಲೆ ಅವಳಿಗೆ ನಿದ್ದೆ ಹೋಯಿತು. ಮಗು ಮಲಗಿದ್ದರೂ ಇವಳು ಎದ್ದು ಕೂತಿರುತ್ತಿದ್ದಳು. ಎದೆ ಡವಡವ, ಮಾತುಮಾತಿಗೆ ಅಳು. ‘ಹೆತ್ತವರಿಗೆ ಇದೆಲ್ಲ ಇದ್ದದ್ದೇ’ ಅಂದವರೇ ಹೆಚ್ಚು. ಎಲ್ಲಿಗೆ ಕರೆದುಕೊಂಡು ಹೋಗುವುದು? ಹೃದಯದವರ ಹತ್ತಿರವೋ, ಹೆರಿಗೆ ಮಾಡಿಸಿದವರ ಹತ್ತಿರವೋ, ಮನೋವೈದ್ಯರ ಹತ್ತಿರವೋ? ಫ್ಯಾಮಿಲಿ ಡಾಕ್ಟರ್ ಹತ್ತಿರವೇ ಹೋದೆವು. ಅವರು ಮೊದಲು ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಬರೆದರು. ಹೆರಿಗೆಯ ನಂತರದ ವರ್ಷದಲ್ಲಿ ಥೈರಾಯ್ಡ್ ಏರುಪೇರಾದರೂ ಹೀಗೇ ಕಾಣುತ್ತದೆ. ಜೊತೆಗೆ ಒಂದು ಕಾಗದ ಕೊಟ್ಟು ನನ್ನನ್ನು ಹೊರಗೆ ಕೂರಿಸಿದರು. 1987ರಲ್ಲಿ ಎಡಿನ್‌ಬರೋದಲ್ಲಿ ರೂಪಿಸಿದ ಹತ್ತು ಪ್ರಶ್ನೆಗಳ ಪಟ್ಟಿ ಅದು. ಕಳೆದ ಏಳು ದಿನ ಹೇಗನ್ನಿಸಿತು ಅಂತ ಕೇಳುತ್ತದೆ. ಹತ್ತನೆಯ ಪ್ರಶ್ನೆ, ನಿಮಗೆ ನೀವೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿದೆಯೇ ಅಂತ. ಅದಕ್ಕೆ ಹೌದು ಅಂದರೆ ಕಾಯುವ ಮಾತಿಲ್ಲ, ಅದು ಎದೆನೋವಿನಷ್ಟೇ ದೊಡ್ಡ ಎಮರ್ಜೆನ್ಸಿ. ತಂಗಿ ಇಲ್ಲ ಅಂದಿದ್ದಳು. ಥೈರಾಯ್ಡ್ ಸರಿಯಿತ್ತು. ಮಾತಿನ ಮೂಲಕ ಚಿಕಿತ್ಸೆ ಕೊಡುವ ಮನಶ್ಶಾಸ್ತ್ರಜ್ಞರ ಹತ್ತಿರ ಕಳಿಸಿದರು. ಅಷ್ಟರಲ್ಲಿ ತಡೆಯಲಾಗದಿದ್ದರೆ ಮಾತ್ರೆ ಬರೆಯಬಲ್ಲ ಮನೋವೈದ್ಯರ ಹೆಸರನ್ನೂ ಕೊಟ್ಟರು. ಅವಳಿಗೆ ಮಾತು ಸಾಕಾಯಿತು. ಮಾತ್ರೆ ಬೇಕಾದವರಿಗೂ ಹಾಲುಣಿಸುತ್ತಲೇ ತೆಗೆದುಕೊಳ್ಳಬಹುದಾದಂಥವು ಇವೆ ಅಂತ ಡಾಕ್ಟರು ಆಗಲೇ ಹೇಳಿದ್ದರು. ಇದು ಗೊತ್ತಿಲ್ಲದೆ ಎಷ್ಟೋ ಹೆಣ್ಣುಮಕ್ಕಳು ಸುಮ್ಮನೆ ನರಳುತ್ತಾರೆ ಅನ್ನುವುದು ನನಗೆ ಸಂಕಟದ ವಿಷಯ.

ಈಗ ಅಪ್ಪನ ಸರದಿ. ಎಡಗಣ್ಣಿನ ಪೊರೆ ಬಲಿತಿದೆ, ಪೇಪರ್ ಓದಲಾಗುತ್ತಿಲ್ಲ. ದೊಡ್ಡ ಆಸ್ಪತ್ರೆಯೇ ಆಗಬೇಕು ಅಂತ ನನ್ನ ತಮ್ಮ ಪಟ್ಟು ಹಿಡಿದಿದ್ದ. ಪೊರೆ ತೆಗೆಯುವುದು ಸಾಮಾನ್ಯವಾಗಿ ಅರ್ಧ ಗಂಟೆಯೊಳಗಿನ ಕೆಲಸ, ಅವತ್ತೇ ಮನೆಗೆ ಕಳಿಸುತ್ತಾರೆ. ಆದರೆ ಆಮೇಲೆ ವಾರಗಟ್ಟಲೆ ಹೊತ್ತು ಹೊತ್ತಿಗೆ ಡ್ರಾಪ್ಸ್ ಹಾಕಬೇಕು. ತಪಾಸಣೆಗೂ ಹೋಗಿಬರಬೇಕು. ಅಪ್ಪನ ಕೈ ನಡುಗುತ್ತದೆ, ತಾವೇ ಹಾಕಿಕೊಳ್ಳಲಾರರು. ಅಪ್ಪನಿಗೆ ಶುಗರ್ ಇರುವುದರಿಂದ ಕಣ್ಣಿನ ಹಿಂಭಾಗದ ಪರದೆಯನ್ನೂ ಮೊದಲೇ ನೋಡಿಸಬೇಕಿತ್ತು. ನನ್ನ ಮನೆಗೆ ಹತ್ತಿರ ಇರುವ, ಕಣ್ಣು ಬಿಟ್ಟು ಬೇರೇನೂ ನೋಡದ ಒಂದು ಆಸ್ಪತ್ರೆಯಲ್ಲಿ ಪರದೆಯ ಡಾಕ್ಟರೂ ಇದ್ದಾರೆ. ಪರದೆ ಸರಿಯಿದೆ ಅಂತ ಅವರು ಹೇಳಿದ ಮೇಲೆ ತಮ್ಮನನ್ನೂ ಅಲ್ಲಿಗೆ ಕರೆದುಕೊಂಡು ಹೋಗಿ ಸರ್ಜನ್ ಹತ್ತಿರ ಮಾತಾಡಿಸಿದೆ. ಕೇಳಬೇಕಾದ್ದನ್ನೆಲ್ಲ ಅವನೇ ಕೇಳಿದ. ಮುಂದಿನ ವಾರ ಆಪರೇಷನ್. ಅಪ್ಪ ನಮ್ಮಲ್ಲಿಗೆ ಬಂದು ಡ್ರಾಪ್ಸ್ ಮುಗಿಯುವವರೆಗೆ ಇರುತ್ತಾರೆ. ಬೆಳಗಿನ ಡ್ರಾಪ್ಸ್ ನನ್ನದು, ಮಧ್ಯಾಹ್ನದ್ದು ಅತ್ತೆಯದು, ರಾತ್ರಿಯದನ್ನು ಮಗ ಹಾಕುತ್ತೇನೆ ಅಂದಿದ್ದಾನೆ.